ಕಲ್ಲಿನ ಸಿಂಹವನ್ನು ಓದುವ ಬಗೆ

ಗುಡಿಯ ಮುಂದೆ ನಿಂತು ಸಿಂಹದ ಶಿಲ್ಪವೊಂದರ ಅರ್ಥವನ್ನು ತಿಳಿಯಬೇಕೆನ್ನುವವರು ಮೊದಲು ಅದರ ಮುಖವನ್ನು ನೋಡುವ ಅಭ್ಯಾಸವನ್ನು ಬಿಡಬೇಕು. ಕನ್ನಡ ನಾಡಿನ ಕಾಡುಗಳಲ್ಲಿ ಹುಲಿಯಿತ್ತು, ಚಿರತೆಯಿತ್ತು. ಸಿಂಹದ ನೆಲೆ ಮಾತ್ರ ಉತ್ತರದಲ್ಲಿತ್ತು, ಈಗಂತೂ ಅದು ಗುಜರಾತಿನ ಗೀರ್ ಪ್ರದೇಶಕ್ಕೆ ಸೀಮಿತವಾಗಿದೆ. ನಮ್ಮ ರೂವಾರಿಗಳು ಬಹುಮಟ್ಟಿಗೆ ಕಣ್ಣಾರೆ ಕಾಣದ ಪ್ರಾಣಿಯನ್ನು ಪರಂಪರೆಯಿಂದ ಕಲಿತು ಕೆತ್ತಿದವರು. ಆದುದರಿಂದಲೇ ಅದರ ಕೇಸರ ಗುಂಗುರು ಗುಂಗುರಾಗಿ ಬಳ್ಳಿಯಂತೆ ಸುತ್ತಿಕೊಳ್ಳುತ್ತದೆ, ಕಣ್ಣು ಗುಡ್ಡೆ ಹೊರಬಂದಂತಿರುತ್ತದೆ, ಕೆಲವೊಮ್ಮೆ ಸೊಂಡಿಲೂ ಮೂಡುತ್ತದೆ. ಅದು ಎಲ್ಲಿ ಕುಳಿತಿದೆ, ಯಾರ ಜೊತೆಗಿದೆ, ಏನು ಮಾಡುತ್ತಿದೆ ಎಂಬುದನ್ನು ನೋಡಿದರೆ ಮಾತ್ರ ಶಿಲ್ಪ ಬಾಯಿ ಬಿಡುತ್ತದೆ.

ಅಭ್ಯಾಸವನ್ನು ಬಸದಿಯಿಂದ ಆರಂಭಿಸುವುದು ಒಳ್ಳೆಯದು. ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿಯೇ, ನಾನೂ ಎಡವಿದ್ದೇನೆ. ಸಿಂಹವು ಇಪ್ಪತ್ನಾಲ್ಕನೆಯ ತೀರ್ಥಂಕರರಾದ ಮಹಾವೀರರ ಲಾಂಛನವೆಂದು ಓದಿಕೊಂಡು ಹೋಗಿದ್ದ ನಾನು, ಪೀಠದಲ್ಲಿ ಸಿಂಹ ಕಂಡೊಡನೆ ಇದು ಮಹಾವೀರರ ಬಿಂಬವೆಂದು ಜೊತೆಯಲ್ಲಿದ್ದವರಿಗೆ ವಿವರಿಸತೊಡಗಿದ್ದೆ. ಪೂಜೆಗೆ ಬಂದಿದ್ದ ಹಿರಿಯರೊಬ್ಬರು ಪೀಠದ ನಡುವೆ ಬೆರಳು ತೋರಿಸಿ, "ಶಂಖ ಕಾಣಿಸುವುದಿಲ್ಲವೇ?" ಎಂದು ಮೆಲ್ಲಗೆ ಕೇಳಿದರು. ಅದು ನೇಮಿನಾಥರ ಬಿಂಬವಾಗಿತ್ತು. ಪೀಠದ ಎರಡೂ ತುದಿಗಳಲ್ಲಿರುವ ಸಿಂಹಗಳು ಆಸನವನ್ನು ಹೊರುವ ಸಿಂಹಗಳು. ಅವು ಯಾವ ತೀರ್ಥಂಕರರ ಕೆಳಗಾದರೂ ಇರಬಹುದು. ಹೆಸರನ್ನು ಹೇಳುವುದು ನಡುವಿನ ಗುರುತು: ವೃಷಭವಿದ್ದರೆ ಆದಿನಾಥ, ಶಂಖವಿದ್ದರೆ ನೇಮಿನಾಥ, ಸರ್ಪವಿದ್ದರೆ ಪಾರ್ಶ್ವನಾಥ, ಸಿಂಹವಿದ್ದರೆ ಮಹಾವೀರ. ಆದರೆ ಕೆಲವು ಹಳೆಯ ಪೀಠಗಳಲ್ಲಿ ತುದಿಗಳೆರಡರ ಜೊತೆಗೆ ನಡುವೆಯೂ ಒಂದು ಸಿಂಹ ಅಲಂಕಾರವಾಗಿಯೇ ಬಂದಿರುವುದುಂಟು. ಆಗ ಅಕ್ಕಪಕ್ಕದ ಯಕ್ಷ ಯಕ್ಷಿಯರನ್ನು, ಎಂದರೆ ತೀರ್ಥಂಕರರ ಪರಿವಾರದೇವತೆಗಳನ್ನು, ನೋಡಬೇಕು. ಮಾತಂಗ ಮತ್ತು ಸಿದ್ಧಾಯಿಕೆಯರಿದ್ದರೆ ಮಹಾವೀರರೆಂದು ನಿಶ್ಚಯಿಸಬಹುದು. ಶತಮಾನಗಳ ಅಭಿಷೇಕದಿಂದ ಲಾಂಛನ ಸವೆದು ನುಣುಪಾಗಿದ್ದರೆ, ಅಲ್ಲಿನವರ ಅನುಮತಿ ಪಡೆದು ಮೊಬೈಲಿನ ಬೆಳಕನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಾಯಿಸಿ ನೋಡಿ. ಎದುರಿನ ಬೆಳಕಿನಲ್ಲಿ ಸಪಾಟಾಗಿ ಕಂಡ ಕಲ್ಲಿನಲ್ಲಿ ನೆರಳು ಬಿದ್ದೊಡನೆ ಬಾಲ, ಪಂಜ, ಕಿವಿ ಒಂದೊಂದಾಗಿ ಎದ್ದು ಬರುತ್ತವೆ.

ಆಸನದ ಸಿಂಹ ವ್ಯಕ್ತಿಯ ಹೆಸರನ್ನಲ್ಲ, ಪದವಿಯನ್ನು ಸೂಚಿಸುತ್ತದೆ. ಇದನ್ನು ಮೈಸೂರು ಅರಮನೆಯಲ್ಲಿ ನಡೆಯುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಾರೆವು. ನವರಾತ್ರಿಯ ಮೊದಲು ಬಿಡಿಭಾಗಗಳನ್ನು ತಂದು ರತ್ನಖಚಿತ ಆಸನವನ್ನು ಜೋಡಿಸುತ್ತಾರೆ. ಆದರೆ ಶುಭಮುಹೂರ್ತದಲ್ಲಿ ಸಿಂಹದ ಮುಖವನ್ನು ಅದಕ್ಕೆ ಸೇರಿಸಿದ ಮೇಲೆಯೇ ಖಾಸಗಿ ದರ್ಬಾರು. ಹಬ್ಬ ಮುಗಿಯುತ್ತಿದ್ದಂತೆ ಸಿಂಹವನ್ನು ವಿಧಿಪೂರ್ವಕವಾಗಿ ಬೇರ್ಪಡಿಸುತ್ತಾರೆ. 'ಸಿಂಹಾಸನ' ಎಂಬ ಪದದ ಮೊದಲರ್ಧ ಹೀಗೆ ವರ್ಷಕ್ಕೊಮ್ಮೆ ಬಂದು ಕೂಡಿಕೊಂಡು ಹೋಗುತ್ತದೆ. ಯೆಹೂದ್ಯರ ಧರ್ಮಗ್ರಂಥದಲ್ಲಿ ಅರಸ ಸೊಲೊಮೋನನ ಆಸನಕ್ಕೆ ಆರು ಮೆಟ್ಟಿಲುಗಳೂ, ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಒಟ್ಟು ಹನ್ನೆರಡು ಸಿಂಹಗಳೂ ಇದ್ದುವೆಂಬ ವರ್ಣನೆಯಿದೆ.

ವಾಹನವಾಗಿ ಬಂದ ಸಿಂಹವನ್ನು ಕಂಡೊಡನೆ ದುರ್ಗೆಯೆಂದು ಹೇಳುವ ಆತುರವೂ ಸಲ್ಲದು. ಕೆಳಗೆ ಕೋಣ ಅಥವಾ ಕೋಣತಲೆಯ ಅಸುರನಿದ್ದರೆ ಮಹಿಷಮರ್ದಿನಿ. ಕೈಯಲ್ಲಿ ಮಾವಿನ ಗೊಂಚಲು ಹಿಡಿದು, ಮಕ್ಕಳನ್ನು ಜೊತೆಯಲ್ಲಿಟ್ಟುಕೊಂಡ ತಾಯಿಯಾದರೆ ಆಕೆ ನೇಮಿನಾಥರ ಯಕ್ಷಿ ಅಂಬಿಕೆ; ನಮ್ಮ ಜೈನರು ಕೂಷ್ಮಾಂಡಿನಿಯೆಂದು ಕರೆಯುವವಳು. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ಆದರೂ ಅದರ ಪ್ರದಕ್ಷಿಣಾಪಥದಲ್ಲಿ ಸಿಂಹದೊಡನಿರುವ ಮಹಿಷಮರ್ದಿನಿಯ ಅಪೂರ್ವ ಶಿಲ್ಪವಿದೆ.

ಸಿಂಹವೇ ದೇವರಾದಾಗ ನೋಡಬೇಕಾದದ್ದು ಮೈಯ ಭಂಗಿ. ಹಂಪಿಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ನರಸಿಂಹನನ್ನು ಜನ ಉಗ್ರನರಸಿಂಹನೆಂದೇ ಕರೆಯುತ್ತಾರೆ. ಹೊರಚಾಚಿದ ಕಣ್ಣುಗಳನ್ನೂ ಅಗಲಿಸಿದ ಬಾಯನ್ನೂ ನೋಡಿದರೆ ಆ ಹೆಸರು ಸಹಜವೆನಿಸುತ್ತದೆ. ಆದರೆ ಮೂರ್ತಿಯ ಬೆನ್ನಿನ ಕಡೆ ಹೋಗಿ ನೋಡಿ: ತಬ್ಬಿಕೊಂಡ ಪುಟ್ಟ ಕೈಯೊಂದು ಕಲ್ಲಿಗೆ ಅಂಟಿಕೊಂಡು ಉಳಿದಿದೆ. ಎಡತೊಡೆಯ ಮೇಲೆ ಕುಳಿತಿದ್ದ ಲಕ್ಷ್ಮಿಯ ವಿಗ್ರಹ ಒಡೆದುಹೋದ ಮೇಲೆ ಉಳಿದ ಕುರುಹು ಅದು. ಅದನ್ನು ಕಂಡವರು ಇದು ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ನರಸಿಂಹನಲ್ಲ, ಶಾಂತನಾದ ಲಕ್ಷ್ಮೀನರಸಿಂಹ ಎಂಬುದನ್ನು ಮತ್ತೆ ಮರೆಯಲಾರರು. ಮತಗಳ ಜಗಳವೂ ಈ ಸಿಂಹದ ಬೆನ್ನು ಹತ್ತಿದೆ: ನರಸಿಂಹನನ್ನು ಅಡಗಿಸಲು ಶಿವನು ಶರಭವೆಂಬ ಪೌರಾಣಿಕ ಮೃಗವಾದನೆಂದು ಶೈವರು ಹೇಳಿದರೆ, ಶರಭನನ್ನು ಅಡಗಿಸಲು ವಿಷ್ಣುವು ಗಂಡಭೇರುಂಡನಾದನೆಂದು ವೈಷ್ಣವರು ಉತ್ತರಿಸಿದರು. ಆ ಗಂಡಭೇರುಂಡವೇ ಇಂದು ನಮ್ಮ ರಾಜ್ಯದ ಲಾಂಛನದ ನಡುವೆಯಿದೆ. ಇಕ್ಕೆಲದಲ್ಲಿ ಸಿಂಹದ ಮೈ, ಆನೆಯ ತಲೆಯ ಗಜಕೇಸರಿಗಳಿವೆ. ಮೇಲೆ ಅಶೋಕನ ಸಿಂಹಗಳಿವೆ. ಸರ್ಕಾರಿ ಪತ್ರವೊಂದು ಕೈಗೆ ಬಂದಾಗ ಈ ಮೂರನ್ನೂ ಬೇರ್ಪಡಿಸಿ ನೋಡುವುದು ಮನೆಯಲ್ಲೇ ಮಾಡಬಹುದಾದ ಅಭ್ಯಾಸ.

ಅಶೋಕನ ಸಿಂಹಗಳನ್ನು ಅರಸೊತ್ತಿಗೆಯ ಗುರುತೆಂದಷ್ಟೇ ಓದಿದರೆ ಅರ್ಧ ಓದಿದಂತೆ. 1904–05ರ ಉತ್ಖನನದಲ್ಲಿ ಸಾರನಾಥದಲ್ಲಿ ದೊರೆತ, ಚುನಾರಿನ ಮರಳುಗಲ್ಲಿನ ಆ ಬೋದಿಗೆಯಲ್ಲಿ, ಎಂದರೆ ಕಂಬದ ಶಿರೋಭಾಗದಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಸಿಂಹಗಳು ನಾಲ್ಕು. ನಾಣ್ಯದಲ್ಲಿ ಕಾಣುವುದು ಮೂರೇ. ಅವುಗಳ ಮೇಲೆ ಮೊದಲು ದೊಡ್ಡದೊಂದು ಧರ್ಮಚಕ್ರವಿತ್ತು. ಬುದ್ಧನಿಗೆ ಶಾಕ್ಯಸಿಂಹನೆಂದು ಹೆಸರು, ಅವನ ಉಪದೇಶಕ್ಕೆ ಸಿಂಹನಾದವೆಂದು ಹೆಸರು, ಆ ಉಪದೇಶ ಮೊದಲು ಕೇಳಿಸಿದ್ದು ಸಾರನಾಥದಲ್ಲಿ. ಹಾಗಾಗಿ ನಾಲ್ಕು ದಿಕ್ಕಿಗೆ ಬಾಯಿ ತೆರೆದ ಆ ಸಿಂಹಗಳು ಚಕ್ರವರ್ತಿಯ ಆಜ್ಞೆಯನ್ನು ಸಾರುತ್ತಿವೆಯೋ ಬುದ್ಧನ ಮಾತನ್ನೋ ಎಂದು ಕೇಳಿದರೆ, ಎರಡನ್ನೂ ಎನ್ನುವುದೇ ನನಗೆ ಸರಿಯೆನಿಸುತ್ತದೆ. ಅವು ರಾಷ್ಟ್ರಲಾಂಛನವಾದದ್ದು 1950ರ ಜನವರಿ 26ರಂದು.

ಕನ್ನಡ ಅರಸರ ಪೈಕಿ ಸಿಂಹಲಾಂಛನವೆಂದೊಡನೆ ನೆನಪಾಗಬೇಕಾದವರು ಬನವಾಸಿಯ ಕದಂಬರು. ತಾಳಗುಂದದ ಪ್ರಣವೇಶ್ವರ ಗುಡಿಯಲ್ಲಿ ಸಿಕ್ಕಿದ, ಕ್ರಿ.ಶ. 370ರ ಸುಮಾರಿನದೆಂದು ವಿದ್ವಾಂಸರು ಹೇಳುವ ಕನ್ನಡ ಶಾಸನವಿರುವುದೂ ಸಿಂಹಕಟಾಂಜನದ, ಎಂದರೆ ಮೆಟ್ಟಿಲ ಪಕ್ಕದ ಸಿಂಹದ ಕೈಪಿಡಿಗೋಡೆಯ, ಮೇಲೆಯೇ. ಹೊಯ್ಸಳರ ವಿಷಯ ಇಷ್ಟು ಸರಳವಲ್ಲ. ಸೊಸೆವೂರಿನಲ್ಲಿ, ಎಂದರೆ ಈಗಿನ ಅಂಗಡಿಯಲ್ಲಿ, ಸುದತ್ತ ಮುನಿಯು "ಹೊಯ್ ಸಳ" ಎಂದಾಗ ಆ ವಂಶದ ಮೂಲಪುರುಷನಾದ ಸಳನು ಹೊಡೆದದ್ದು ಹುಲಿಯನ್ನೆಂದು ಐತಿಹ್ಯ. ಬೇಲೂರಿನಲ್ಲಿ ಸಳನ ಎದುರು ಎದ್ದು ನಿಂತ ಪ್ರಾಣಿಗೆ ಮಾತ್ರ ಸಿಂಹದ ಕೇಸರವಿದೆ. ಹುಲಿ ಚೋಳರ ಲಾಂಛನವಾದುದರಿಂದ ಇದು ಚೋಳರಿಂದ ತಲಕಾಡನ್ನು ಗೆದ್ದುದರ ಸಂಕೇತವೆಂದು ಹೇಳುವವರಿದ್ದಾರೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನ ಗುಡಿ ಕಟ್ಟಿಸಿದ್ದು ಆ ಗೆಲುವಿನ ಬೆನ್ನಿಗೇ ಎಂಬುದರಿಂದ ಆ ಊಹೆಗೆ ಬಲವಿದೆ. ಆದರೆ ಹಳೇಬೀಡಿನ ಗುಡಿಯ ಅಧಿಷ್ಠಾನದಲ್ಲಿ, ಎಂದರೆ ಗೋಡೆಯ ಬುಡದ ಪಟ್ಟಿಗಳಲ್ಲಿ, ಆನೆಗಳ ಸಾಲಿನ ಮೇಲೆ ಬರುವ ಸಿಂಹಗಳ ಸಾಲನ್ನು ರಾಜಲಾಂಛನವೆಂದು ತಿಳಿಯಬಾರದು. ಸಳನಿಲ್ಲದೆ ಸಾಲಾಗಿ ಬಂದ ಸಿಂಹ ಗುಡಿಯ ಅಲಂಕಾರಕ್ಕೆ ಸೇರಿದ್ದು. ಸಳನೊಡನೆ ಬಂದರೆ ಮಾತ್ರ ಅರಸುಮನೆತನದ್ದು.

ಹುಲಿ ಸಿಂಹಗಳ ಈ ಅದಲುಬದಲು ಶ್ರೀರಂಗಪಟ್ಟಣದಲ್ಲಿ ಇನ್ನೊಂದು ರೂಪದಲ್ಲಿ ಬಂತು. ಪೈಗಂಬರರ ಅಳಿಯ ಹಜರತ್ ಅಲಿಯವರಿಗೆ ಅಸದುಲ್ಲಾ, ಎಂದರೆ ದೇವರ ಸಿಂಹ, ಎಂಬ ಬಿರುದಿದೆ. ಸಿಂಹವೆಂಬ ಅರ್ಥದ ಹೈದರ್ ಎಂಬುದೂ ಅವರದೇ ಹೆಸರು. ಹೈದರಾಲಿಯ ಮಗ ಟಿಪ್ಪುವಿನ ಆಯುಧಗಳ ಮೇಲೆ 'ದೇವರ ಸಿಂಹವೇ ಜಯಶಾಲಿ' ಎಂಬ ಅರಬ್ಬಿ ಮಾತಿನ ಅಕ್ಷರಗಳನ್ನು ಬಳುಕಿಸಿ ಹುಲಿಯ ಮುಖವಾಗಿ ಬರೆಯಲಾಗಿದೆ. ಓದಿದರೆ ಸಿಂಹ, ನೋಡಿದರೆ ಹುಲಿ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಆನೆಯನ್ನು ಅಗಿಯುವ ಸಿಂಹದ ಬಾಯಾಗಿದೆ. ಗುಡಿಯ ಕಂಬಗಳ ಮೇಲೆ ಆನೆಯನ್ನು ಮೆಟ್ಟಿದ ಸಿಂಹವನ್ನು ಕಂಡವರಿಗೆ ಅದು ಹಳೆಯ ಪರಿಚಯವೇ.

ಕ್ರೈಸ್ತ ಚಿತ್ರಗಳಲ್ಲಿ ರೆಕ್ಕೆಗಳನ್ನು ಹುಡುಕಿ. ರೆಕ್ಕೆಯೂ ಪುಸ್ತಕವೂ ಇದ್ದರೆ ಆ ಸಿಂಹ ಸುವಾರ್ತೆ ಬರೆದ ಸಂತ ಮಾರ್ಕನ ಗುರುತು. ಬೈಬಲಿನಲ್ಲಿ ಕ್ರಿಸ್ತನೇ ಯೂದಕುಲದ ಸಿಂಹ. ಅದೇ ಬೈಬಲಿನಲ್ಲಿ ಸೈತಾನನೂ ಯಾರನ್ನು ನುಂಗಲೆಂದು ಗರ್ಜಿಸುತ್ತ ತಿರುಗುವ ಸಿಂಹದಂತಿರುವವನು. ಸಿಂಹ ಕಂಡಲ್ಲೆಲ್ಲ ಪೂಜ್ಯಭಾವವನ್ನೇ ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಕೊನೆಗೆ ಬೀದರಿಗೆ ಹೋಗಿ. ಕೋಟೆಯ ಷರ್ಜಾ ದರ್ವಾಜದ ಮೇಲೆ ಕಲ್ಲಿನ ಮೃಗಗಳೆರಡನ್ನು ನೋಡಿ, ಅವು ಹುಲಿಯೋ ಸಿಂಹವೋ ಎಂಬುದನ್ನು ನೀವೇ ತೀರ್ಮಾನಿಸಿ. ಬಳಿಕ ನಾನಕ್ ಝೀರಾ ಗುರುದ್ವಾರಕ್ಕೆ ಬನ್ನಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಖಾಲ್ಸಾ ಎಂಬ ಸಿಖ್ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಬೀದರಿನ ಭಾಯಿ ಸಾಹಿಬ್ ಒಬ್ಬರು. ಅಂದಿನಿಂದ ಅವರು ಸಾಹಿಬ್ ಸಿಂಗ್; ಸಿಂಗ್ ಎಂದರೆ ಸಿಂಹವೇ. ಇಲ್ಲಿ ಸಿಂಹವನ್ನು ಹುಡುಕಬೇಕಾದದ್ದು ಕಲ್ಲಿನಲ್ಲಲ್ಲ, ಗುರುದ್ವಾರದ ಊಟದ ಮನೆಯಾದ ಲಂಗರಿನಲ್ಲಿ ನಿಮಗೆ ರೊಟ್ಟಿ ಬಡಿಸುವವರ ಹೆಸರಿನಲ್ಲಿ.