ಬೆಳಿಗ್ಗೆ ಮಾತ್ರ ಡಿಸ್ಕ್ ಕಾಣದ ಕಂಪ್ಯೂಟರ್

ಕಪ್ಪು ಸ್ಕ್ರೀನ್, ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು: 'ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್'. ಲ್ಯಾಪ್‌ಟಾಪ್ ಆದರೆ 'ನೋ ಬೂಟಬಲ್ ಡಿವೈಸ್'. ಇದನ್ನು ನೋಡಿದ ಕೂಡಲೇ ಜನ ಹೇಳೋದು ಎರಡೇ ಮಾತು. ಹಾರ್ಡ್‌ಡಿಸ್ಕ್ ಹೋಯ್ತು, ಇಲ್ಲಾ ವಿಂಡೋಸ್ ಹೊಸದಾಗಿ ಹಾಕಬೇಕು. ರಿಪೇರಿ ಮಾಡುವವರಲ್ಲೂ ಹಾಗೆ ಹೇಳುವವರಿದ್ದಾರೆ. ಅವಸರ ಜಾಸ್ತಿ ಆಯ್ತು ಅಂತ ನನಗನಿಸುತ್ತದೆ.

ನಾನು ಸ್ಕ್ರೂಡ್ರೈವರ್ ತೆಗೆಯುವ ಮೊದಲು ಒಂದೇ ವಿಷಯ ನೋಡುತ್ತೇನೆ. ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡಿನ ಸ್ವಂತ ಪ್ರೋಗ್ರಾಮಿಗೆ, ಡಿಸ್ಕ್ ಕಾಣುತ್ತಿದೆಯಾ, ಇಲ್ಲವಾ? ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗುತ್ತೇನೆ. ಅಲ್ಲಿ ಬೂಟ್ ಪಟ್ಟಿ ನೋಡಿ ಹೊರಗೆ ಬಂದರೆ ಸಾಲದು. ಎಷ್ಟೋ ಬೋರ್ಡ್‌ಗಳ ಬೂಟ್ ಪಟ್ಟಿಯಲ್ಲಿ ತಾನು ಬೂಟ್ ಮಾಡಬಲ್ಲೆ ಅಂದುಕೊಂಡದ್ದು ಮಾತ್ರ ಇರುತ್ತದೆ. ಸಾಟಾ, ಎನ್‌ವಿಎಂಇ ಅಂದರೆ ಡಿಸ್ಕ್ ಬೋರ್ಡಿನ ಜೊತೆ ಮಾತಾಡುವ ಎರಡು ಬಗೆ, ಹಳೆಯದು ಮತ್ತು ಹೊಸದು. ಅವುಗಳ ಪುಟ ಬೇರೆ ಇರುತ್ತದೆ, ಏನೇನು ಸಿಕ್ಕಿಸಿದ್ದೀರೋ ಅದು ಅಲ್ಲಿ ಕಾಣಬೇಕು. ಡಿಸ್ಕಿನ ಹೆಸರು, ಸೈಜು ಸರಿಯಾಗಿ ಬಂದಿದ್ದರೆ ಕೇಬಲ್ಲು, ಪವರ್ರು ಬಹುತೇಕ ಸರಿ ಇವೆ ಅಂತ ಅರ್ಥ. ಆಗ ತೊಂದರೆ ಸೆಟ್ಟಿಂಗಿನಲ್ಲೋ ಬೂಟ್ ಫೈಲಿನಲ್ಲೋ ಇರುತ್ತದೆ. ಅಲ್ಲೂ ಕಾಣದಿದ್ದರೆ ಮಾತ್ರ ಕ್ಯಾಬಿನೆಟ್ ಬಿಚ್ಚುವುದು.

ಇದಕ್ಕೆ ಚೆನ್ನಾಗಿ ಹೊಂದುವ ಕೇಸು ಒಂದು ಡಿಟಿಪಿ ಅಂಗಡಿಯದು. ಇಂಟೆಲ್ ನಾಲ್ಕನೇ ಜನರೇಷನ್ನಿನ ಹಳೇ ಅಸೆಂಬಲ್ಡ್ ಮಷೀನು. ಆಮೇಲೆ ಸೇರಿಸಿದ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ವಿಂಡೋಸ್ ಇತ್ತು. ಹಳೇ 500 ಜಿಬಿ ಹಾರ್ಡ್‌ಡಿಸ್ಕಿನಲ್ಲಿ ವರ್ಷಗಟ್ಟಲೆಯ ಮದುವೆ ಕಾರ್ಡು, ಕರಪತ್ರ, ನುಡಿಯಲ್ಲಿ ಟೈಪ್ ಮಾಡಿದ ಫೈಲುಗಳು. ಎಸ್‌ಎಸ್‌ಡಿ ಸತ್ತಿದೆ, ಬದಲಾಯಿಸಿ ಅಂತ ಯಾರೋ ಹೇಳಿ ಕಳಿಸಿದ್ದರಂತೆ. ನಾನು ಪ್ಲಗ್ ಹಾಕಿ ಆನ್ ಮಾಡಿದೆ, ಅದೇ ಕಪ್ಪು ಸ್ಕ್ರೀನು. ಬಯೋಸ್‌ಗೆ ಹೋದರೆ ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಎರಡೂ ಹೆಸರು ಸಮೇತ ಕಾಣುತ್ತಿವೆ!

ಅಂಗಡಿಯ ಮೇಡಂ ಹೇಳಿದ ಮಾತಿನಲ್ಲೇ ಅರ್ಧ ಉತ್ತರ ಇತ್ತು. "ಬೆಳಿಗ್ಗೆ ಮಾತ್ರ ಹಿಂಗೆ ಮಾಡತ್ತೆ ಸಾರ್. ಪಕ್ಕದ ಅಂಗಡಿ ಹುಡುಗ ಬಂದು ಏನೋ ಒತ್ತಿ ಸೇವ್ ಮಾಡ್ತಾನೆ. ಆಮೇಲೆ ರಾತ್ರಿವರೆಗೂ ಏನೂ ತೊಂದರೆ ಇಲ್ಲ, ರೀಸ್ಟಾರ್ಟ್ ಮಾಡಿದ್ರೂ ಬರತ್ತೆ." ಜೊತೆಗೆ ಇನ್ನೊಂದು ದೂರು: ಬೆಳಿಗ್ಗೆ ಸ್ವಲ್ಪ ಹೊತ್ತು ಯಾವ ವೆಬ್‌ಸೈಟೂ ತೆರೆಯಲ್ಲ, ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಬರುತ್ತದೆ. ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡ್ತೀರಾ ಅಂತ ಕೇಳಿದೆ. ಮಾಡುತ್ತಾರೆ. ನಮ್ಮ ಕಡೆ ಅಂಗಡಿಯವರು ಬಹಳ ಜನ ಮಾಡುವುದೇ ಹಾಗೆ.

ಬಯೋಸ್‌ನಲ್ಲಿ ತಾರೀಖು ನೋಡಿದರೆ 2014ರ ಜನವರಿ 1.

ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಸೆಲ್ ಇರುತ್ತದೆ, ಸಿಆರ್2032 ಅಂತ, 3 ವೋಲ್ಟಿನದು. ಗಡಿಯಾರ ನಡೆಸುವುದು, ಬಯೋಸ್ ಸೆಟ್ಟಿಂಗ್ ಉಳಿಸುವುದು ಅದರ ಕೆಲಸ. ಆದರೆ ಪ್ಲಗ್ಗಿನಲ್ಲಿ ಕರೆಂಟ್ ಇರುವ ತನಕ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಕಂಪ್ಯೂಟರ್ ಆಫ್ ಇದ್ದರೂ ಎಸ್‌ಎಂಪಿಎಸ್ ಅನ್ನುವ ಪವರ್ ಡಬ್ಬಿಯಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಬೋರ್ಡಿಗೆ ಬರುತ್ತಲೇ ಇರುತ್ತದೆ. ಮೇನ್ ಆಫ್ ಆದರೆ ಅದೂ ನಿಂತಿತು. ಸೆಲ್ ಖಾಲಿಯಾಗಿದ್ದರೆ ರಾತ್ರಿಯಿಡೀ ನೆನಪಿಟ್ಟುಕೊಳ್ಳುವವರು ಯಾರೂ ಇಲ್ಲ. ಬೆಳಿಗ್ಗೆ ಬಯೋಸ್ ತನ್ನ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳಿರುತ್ತದೆ. ತಾರೀಖು ಹಿಂದಕ್ಕೆ ಹೋಗಿರುತ್ತದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಆ ತಾರೀಖಿಗೆ ಇನ್ನೂ ಹುಟ್ಟಿಯೇ ಇಲ್ಲ, ಬ್ರೌಸರ್ ತಕರಾರು ಮಾಡದೆ ಇನ್ನೇನು ಮಾಡೀತು? ವಿಂಡೋಸ್ ಇಂಟರ್ನೆಟ್‌ನಿಂದ ಟೈಮ್ ಸರಿ ಮಾಡಿಕೊಂಡ ಮೇಲೆ ಎಲ್ಲ ಸರಿಹೋಗುತ್ತದೆ.

ಡಿಸ್ಕ್ ಯಾಕೆ ಸಿಗುತ್ತಿರಲಿಲ್ಲ ಅಂದರೆ, ಮೊದಲನೇ ಸಾಟಾ ಪೋರ್ಟಿನಲ್ಲಿ ಇದ್ದದ್ದು ಹಳೇ ಹಾರ್ಡ್‌ಡಿಸ್ಕ್. ಈ ಥರದ ಬಯೋಸ್‌ನಲ್ಲಿ ಬೂಟ್ ಆರ್ಡರ್ ಬೇರೆ, 'ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್' ಅಂತ ಇರುವ ಪುಟ ಬೇರೆ. ಲೆಗಸಿ ಮೋಡಿನಲ್ಲಿ, ಅಂದರೆ ಹಳೇ ರೀತಿಯ ಬೂಟಿನಲ್ಲಿ, ಆ ಎರಡನೇ ಪುಟದಲ್ಲಿ ಯಾವ ಡಿಸ್ಕ್ ಮೇಲಿದೆಯೋ ಅದು ಮಾತ್ರ ಬೂಟ್ ಆರ್ಡರಿಗೆ ಬರುತ್ತದೆ. ಫ್ಯಾಕ್ಟರಿ ಸೆಟ್ಟಿಂಗಿನಲ್ಲಿ ಮೇಲೆ ಬಂದು ಕೂತಿದ್ದು ಬರೀ ಡೇಟಾ ಇದ್ದ ಹಾರ್ಡ್‌ಡಿಸ್ಕ್. ಎಸ್‌ಎಸ್‌ಡಿಯನ್ನು ಯಾರೂ ಕೇಳಲೇ ಇಲ್ಲ. ಪಕ್ಕದ ಅಂಗಡಿ ಹುಡುಗ ದಿನಾ ಮಾಡುತ್ತಿದ್ದದ್ದು ಈ ಪುಟಕ್ಕೆ ಹೋಗಿ ಎಸ್‌ಎಸ್‌ಡಿಯನ್ನು ಮೇಲೆ ತರುವುದು. ಚುರುಕು ಹುಡುಗ.

ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟೆ, 2 ವೋಲ್ಟೂ ಇರಲಿಲ್ಲ. ಹೊಸ ಸೆಲ್ಲಿನಲ್ಲಿ 3ಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ನೂರು ರೂಪಾಯಿಯ ಒಳಗಿನ ವಸ್ತು. ತೆಗೆಯುವಾಗ ಪ್ಲಗ್ ಕಿತ್ತಿರಬೇಕು. ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಒತ್ತಿದರೆ ಸೆಲ್ ತಾನೇ ಮೇಲೆ ಬರುತ್ತದೆ, ಮೀಟಿ ಎಬ್ಬಿಸಬೇಡಿ. ಪ್ಲಸ್ ಗುರುತು ಮೇಲಕ್ಕೆ. ಅದರ ಜೊತೆ ಇನ್ನೊಂದು ಕೆಲಸ ಮಾಡಿದೆ. ಎಸ್‌ಎಸ್‌ಡಿಯ ಕೇಬಲ್ಲನ್ನು ಮೊದಲನೇ ಪೋರ್ಟಿಗೆ, ಹಾರ್ಡ್‌ಡಿಸ್ಕಿನದನ್ನು ಎರಡನೆಯದಕ್ಕೆ ಅದಲುಬದಲು ಮಾಡಿದೆ. ಮುಂದೆ ಯಾವತ್ತೋ ಸೆಲ್ ಮತ್ತೆ ಖಾಲಿಯಾದರೂ ಎಸ್‌ಎಸ್‌ಡಿಯೇ ಮೇಲೆ ಬರಲಿ ಅಂತ.

ಎಲ್ಲ ಕೇಸೂ ಇಷ್ಟು ಸಲೀಸಲ್ಲ. ಬಯೋಸ್‌ಗೆ ಡಿಸ್ಕ್ ಕಾಣುತ್ತದೆ, ಆದರೂ ಬೂಟ್ ಆಗಲ್ಲ ಅಂದರೆ ನಾನು ಮುಂದೆ ನೋಡುವುದು ಮೋಡ್, ಅಂದರೆ ಬೂಟ್ ಆಗುವುದು ಹಳೇ ಲೆಗಸಿ ರೀತಿಯಲ್ಲೋ ಹೊಸ ಯುಇಎಫ್‌ಐ ರೀತಿಯಲ್ಲೋ ಅಂತ. ಎಂಬಿಆರ್ (ಹಳೇ ಬಗೆಯ ಪಾರ್ಟಿಷನ್ ಪಟ್ಟಿ) ಡಿಸ್ಕಿನಲ್ಲಿ ಲೆಗಸಿಯಾಗಿ ಹಾಕಿದ ವಿಂಡೋಸ್‌ಗೆ ಸಿಎಸ್‌ಎಂ (ಹಳೇ ರೀತಿಯ ಬೂಟಿಗೆ ಅವಕಾಶ ಕೊಡುವ ಸೆಟ್ಟಿಂಗ್) ಆನ್ ಇರಬೇಕು. ಜಿಪಿಟಿ (ಹೊಸ ಬಗೆಯ ಪಟ್ಟಿ) ಡಿಸ್ಕಿನದಾದರೆ ಯುಇಎಫ್‌ಐ ಬೇಕು. ಮೋಡೂ ಸರಿಯಿದ್ದರೆ ಬೂಟ್ ಫೈಲೇ ಕೆಟ್ಟಿರಬಹುದು. ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರಿಪೇರಿಗೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆಗೆಯುತ್ತೇನೆ. ಡಿಸ್ಕ್‌ಪಾರ್ಟ್‌ನಲ್ಲಿ ಬೂಟ್ ಫೈಲುಗಳಿರುವ ಸಣ್ಣ ಎಫ್‌ಎಟಿ32 ಪಾರ್ಟಿಷನ್ ಹುಡುಕಿ, ಅದಕ್ಕೊಂದು ಅಕ್ಷರ ಕೊಟ್ಟು, ಬಿಸಿಡಿಬೂಟ್ ಕಮಾಂಡ್ ಓಡಿಸುತ್ತೇನೆ. ಯುಇಎಫ್‌ಐ ವಿಂಡೋಸ್‌ನ ಬೂಟ್ ಫೈಲುಗಳು ಇದರಿಂದ ಹೊಸದಾಗಿ ತಯಾರಾಗುತ್ತವೆ, ನಿಮ್ಮ ಡೇಟಾ ಮುಟ್ಟುವುದಿಲ್ಲ. ಒಂದು ಎಚ್ಚರ: ಪೆನ್‌ಡ್ರೈವಿನಿಂದ ಬಂದಾಗ ನಿಮ್ಮ ಸಿ ಡ್ರೈವ್ ಡಿ ಅಂತಲೋ ಇ ಅಂತಲೋ ಕಾಣಿಸಬಹುದು. ವಿಂಡೋಸ್ ಫೋಲ್ಡರ್ ಎಲ್ಲಿದೆ ಅಂತ ಡೈರ್ (ಡ್ರೈವಿನಲ್ಲಿ ಏನೇನಿದೆ ಅಂತ ತೋರಿಸುವ ಕಮಾಂಡ್) ಹೊಡೆದು ನೋಡಿಕೊಳ್ಳಿ.

ಹೊಸ ಲ್ಯಾಪ್‌ಟಾಪ್‌ಗಳದ್ದು ಬೇರೆ ತಲೆನೋವು. ಇಂಟೆಲ್ 11ನೇ ಜನರೇಷನ್ನಿನಿಂದ ಈಚೆಗಿನ ಬಹಳಷ್ಟರಲ್ಲಿ ಡಿಸ್ಕನ್ನು ಇಂಟೆಲ್‌ನದೇ ಕಂಟ್ರೋಲರಿನ ಹಿಂದೆ ಇಡುವ ವಿಎಂಡಿ ಅನ್ನುವ ಸೆಟ್ಟಿಂಗ್ ಆನ್ ಆಗಿಯೇ ಬರುತ್ತದೆ. ವಿಂಡೋಸ್ ಹಾಕಲು ಹೋದರೆ ಡಿಸ್ಕೇ ಇಲ್ಲ ಅನ್ನುತ್ತದೆ, ಬಯೋಸ್‌ನಲ್ಲಿ ನೋಡಿದರೆ ಇದೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಫೈಲನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು 'ಲೋಡ್ ಡ್ರೈವರ್' ಕೊಟ್ಟರೆ ಕಾಣುತ್ತದೆ. ಆದರೆ ವಿಂಡೋಸ್ ಆಗಲೇ ಇರುವ ಲ್ಯಾಪ್‌ಟಾಪಿನಲ್ಲಿ ಸುಮ್ನೆ ವಿಎಂಡಿ ಆಫ್ ಮಾಡಬೇಡಿ. ನೀಲಿ ಸ್ಕ್ರೀನ್ ಬಂದು 'ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್' ಅನ್ನುತ್ತದೆ. ಇನ್ನು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗಿರುತ್ತದೆ, ಓನರ್‌ಗೇ ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ ಏನಾದರೂ ಬದಲಾಯಿಸಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಅವರ ಅಕೌಂಟಿನಲ್ಲಿ ಇದೆಯಾ ಅಂತ ಫೋನಿನಲ್ಲಿ ತೆಗೆಸಿ ನೋಡಿದ ಮೇಲೆಯೇ ನಾನು ಕೈ ಹಾಕುವುದು.

ಬಯೋಸ್‌ಗೇ ಡಿಸ್ಕ್ ಕಾಣದಿದ್ದರೆ ಕೇಬಲ್ಲಿನಿಂದ ಶುರು. ಡೇಟಾ ಕೇಬಲ್ ಬದಲಾಯಿಸಿ, ಪೋರ್ಟ್ ಬದಲಾಯಿಸಿ, ಎಸ್‌ಎಂಪಿಎಸ್‌ನ ಬೇರೆ ಕನೆಕ್ಟರ್ ಹಾಕಿ ನೋಡುವುದು. ಬೋರ್ಡಿನ ಸ್ಲಾಟಿಗೇ ಸಿಕ್ಕಿಸುವ ಪಟ್ಟಿಯಂಥ ಎಂ.2 ಡಿಸ್ಕ್ ಆದರೆ ಬಿಚ್ಚಿ, ಕಾಲುಗಳನ್ನು ಐಸೋಪ್ರೊಪೈಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸುವುದು. ಮಲೆನಾಡಿನ ಮಳೆಗಾಲದಲ್ಲಿ ಇಷ್ಟಕ್ಕೇ ಸರಿಹೋದವು ಬೇಕಾದಷ್ಟಿವೆ. ಹೊಸ ಎಂ.2 ಹಾಕಿದ ಮೇಲೆ ಹಳೇ ಡಿಸ್ಕ್ ಮಾಯವಾಯ್ತು ಅಂದರೆ ಬೋರ್ಡಿನ ಮ್ಯಾನುಯಲ್ ನೋಡಿ, ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಸಾಟಾ ಮಾದರಿಯ ಎಂ.2 ಡಿಸ್ಕನ್ನು ಎನ್‌ವಿಎಂಇ ಮಾತ್ರ ಓದುವ ಸ್ಲಾಟಿಗೆ ಹಾಕಿದರಂತೂ ಕಾಣುವುದೇ ಇಲ್ಲ.

ಒಮ್ಮೆ ಕಂಡು ಒಮ್ಮೆ ಕಾಣದ ಸಾಟಾ ಡಿಸ್ಕನ್ನು ಇನ್ನೊಂದು ಮಷೀನಿಗೆ ಹಾಕಿ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೆಯುತ್ತೇನೆ. ಸಿ7 ಸಾಲಿನ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಏರುತ್ತಾ ಇದ್ದರೆ ಹೆಚ್ಚಾಗಿ ಕೇಬಲ್ಲಿನ ತಪ್ಪು, ಡಿಸ್ಕಿನದಲ್ಲ. ಹಾರ್ಡ್‌ಡಿಸ್ಕಿನಲ್ಲಿ ಕೆಟ್ಟ ಜಾಗಗಳ ಲೆಕ್ಕ ಇಡುವ 05, ಸಿ5 ಸಾಲುಗಳು ಏರುತ್ತಾ ಇದ್ದರೆ ಡಿಸ್ಕೇ ಸಾಯುತ್ತಿದೆ. ಆಗ ಚೆಕ್‌ಡಿಸ್ಕ್ ಓಡಿಸಲೇಬಾರದು, ಉಳಿದ ಜೀವವನ್ನೂ ಅದು ತೆಗೆಯುತ್ತದೆ. ನಾನು ಲಿನಕ್ಸ್ ಪೆನ್‌ಡ್ರೈವಿನಿಂದ, ಕೆಟ್ಟ ಡಿಸ್ಕಿಗೆಂದೇ ಇರುವ ಡಿಡಿರೆಸ್ಕ್ಯೂ ಪ್ರೋಗ್ರಾಮ್ ಹಾಕಿ ಮೊದಲು ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ತೆಗೆಯುತ್ತೇನೆ. ಚೆನ್ನಾಗಿ ಓದಲು ಬರುವ ಜಾಗವನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ಹೋಗುತ್ತದೆ. ಎಲ್ಲಿಯವರೆಗೆ ಬಂತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಹುಡುಕುವುದು, ರಿಪೇರಿ ಮಾಡುವುದು ಎಲ್ಲ ಆ ನಕಲಿನ ಮೇಲೆ. ಯಾವ ಮಷೀನಿಗೂ ಕಾಣದ ಎಸ್‌ಎಸ್‌ಡಿ ಬಂದರೆ ಅದು ನನ್ನ ಟೇಬಲ್ಲಿನ ಕೆಲಸ ಅಲ್ಲ ಅಂತ ಹೇಳಿಬಿಡುತ್ತೇನೆ. ಡೇಟಾ ಬೇಕೇ ಬೇಕು ಅಂದರೆ ರಿಕವರಿ ಲ್ಯಾಬಿಗೆ ಕೊಡಬೇಕು. ಬೇಡ ಅಂದರೆ ಬಿಲ್ ಹುಡುಕಿ ವಾರಂಟಿಗೆ ಕಳಿಸಬಹುದು.