ಒಂದು ಇಲಿ, ಎರಡು ಅಕ್ಷರ

ನಮ್ಮ ಮನೆಮಾತು ತುಳು. ಮಗಳು ಹೋಗುತ್ತಿದ್ದ ಅಂಗನವಾಡಿಯಲ್ಲಿ ಮಾತು, ಹಾಡು ಎಲ್ಲವೂ ಮಲಯಾಳ. ಒಂದನೇ ತರಗತಿಗೆ ಅವಳನ್ನು ಕನ್ನಡ ಮಾಧ್ಯಮಕ್ಕೇ ಸೇರಿಸುವುದೆಂದು ನಿಶ್ಚಯಿಸಿದ್ದರಿಂದ, ನಾಲ್ಕು ವರ್ಷ ತುಂಬಿದ ಮೇಲೆ ಮನೆಯಲ್ಲೇ ಅಕ್ಷರಗಳ ಪರಿಚಯ ಮಾಡಿಸತೊಡಗಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಈ ಕಾಸರಗೋಡಿನಲ್ಲಿ ಬಸ್ಸಿನ ಫಲಕಗಳೂ ಅಂಗಡಿಯ ಹೆಸರುಗಳೂ ಹೆಚ್ಚಾಗಿ ಮಲಯಾಳದಲ್ಲೇ ಇರುವುದರಿಂದ, ಮೈಸೂರಿನ ಮಗುವಿಗೆ ಬೀದಿಯಲ್ಲೇ ಕಣ್ಣಿಗೆ ಬೀಳುವ ಕನ್ನಡ ಅಕ್ಷರಗಳನ್ನು ಇಲ್ಲಿ ನಾವೇ ಮನೆಯೊಳಗೆ ತಂದಿರಿಸಬೇಕಾಗುತ್ತದೆ.

ಮೊದಲು ಪೇಟೆಯಿಂದ ತಂದ ಚಿತ್ರಪಟವನ್ನು ಗೋಡೆಗೆ ಅಂಟಿಸಿದೆ. 'ಇ' ಅಕ್ಷರದ ಪಕ್ಕದ ಇಲಿಯನ್ನು ತೋರಿಸಿದಾಗ ಮಗಳು, "ಅಮ್ಮಾ, ಉಂದು ಎಲಿ ಅತ್ತಾ?" (ಇದು ಎಲಿ ಅಲ್ಲವಾ?) ಎಂದಳು. ತುಳುವಿನಲ್ಲೂ ಮಲಯಾಳದಲ್ಲೂ ಅದು ಎಲಿಯೇ. 'ಮ' ಅಕ್ಷರದ ಮನೆ ಅವಳಿಗೆ 'ಇಲ್ಲ್', 'ಬ' ಅಕ್ಷರದ ಬೆಕ್ಕು 'ಪುಚ್ಚೆ'. ಮಗು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಚಿತ್ರಪಟವು ಅವಳ ನಾಲಗೆಯಲ್ಲಿಲ್ಲದ ಪದಗಳನ್ನು ಆಧರಿಸಿತ್ತು. ಆದ್ದರಿಂದ ಅದನ್ನು ತೆಗೆದಿರಿಸಿ, ಮೂರು ಭಾಷೆಗಳಲ್ಲೂ ಮೊದಲ ಧ್ವನಿ ಒಂದೇ ಆಗಿರುವ ಪದಗಳನ್ನು ಹುಡುಕಿದೆ. ಆನೆ, ಮರ, ಕಲ್ಲು, ಕಣ್ಣು, ತಲೆ ಸುಲಭವಾಗಿ ಸಿಕ್ಕಿದವು.

ಅಕ್ಷರಗಳ ಕ್ರಮವನ್ನು ಮಾತ್ರ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗಳಿಂದ ಎರವಲು ಪಡೆದೆ. ಅಲ್ಲಿ ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕಲಿಸುತ್ತಾರೆ. ಬರೆಯಲು ಸರಳವಾದ ಈ ಐದರಿಂದಲೇ ಸರ, ರಸ, ಅರಸ, ಗರಗಸ ಎಂಬ ಪದಗಳು ಹುಟ್ಟುವುದರಿಂದ, ನಲವತ್ತೊಂಬತ್ತು ಅಕ್ಷರಗಳು ಮುಗಿಯುವವರೆಗೆ ಮಗು ಓದುವ ಸಂತೋಷಕ್ಕಾಗಿ ಕಾಯಬೇಕಾಗಿಲ್ಲ.

ಸಾಮಗ್ರಿಗಳೆಲ್ಲ ತೋಟದಲ್ಲೇ ಇದ್ದವು. ಬಿದ್ದ ಅಡಕೆ ಹಾಳೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಕಲ್ಲಿನ ಭಾರ ಹೇರಿ ಚಪ್ಪಟೆಯಾಗಿಸಿ, ಒಣಗಿದ ಮೇಲೆ ಅಂಗೈಯಷ್ಟು ಅಗಲದ ತುಂಡುಗಳಾಗಿ ಕತ್ತರಿಸಿದೆ. ಒಂದೊಂದರ ಮೇಲೂ ಮಸಿಯಿಂದ ಒಂದು ಅಕ್ಷರವನ್ನು ಬರೆದು, ಬರವಣಿಗೆ ಶುರುವಾಗುವ ಜಾಗದಲ್ಲಿ ಕುಂಕುಮದ ಬೊಟ್ಟಿಟ್ಟೆ. ಮಗಳು ಜೇಡಿಮಣ್ಣನ್ನು ಹುರಿಯಂತೆ ಹೊಸೆದು, ಬೊಟ್ಟಿನಿಂದ ಆರಂಭಿಸಿ ಗೆರೆಯುದ್ದಕ್ಕೂ ಅಂಟಿಸುತ್ತಿದ್ದಳು. 'ವ' ಮುಗಿದ ದಿನ ಅದರ ಬಲಬದಿಗೆ ಇನ್ನೊಂದು ಸಣ್ಣ ಹುರಿಯನ್ನು ಬಾಗಿಸಿ ಸೇರಿಸಿದೆ. ಅದು 'ಮ' ಆಯಿತು. ಅವಳು ಆ ಬಾಲವನ್ನು ಕಿತ್ತು, ಮತ್ತೆ ಅಂಟಿಸಿ, ಪ್ರತಿ ಸಲವೂ 'ವ', 'ಮ' ಎಂದು ಗಟ್ಟಿಯಾಗಿ ಹೇಳುತ್ತಾ ಅರ್ಧ ಗಂಟೆ ಕಳೆದಳು. ಆಮೇಲೆ ಆ ಎರಡು ಅಕ್ಷರಗಳು ಅವಳಿಗೆ ಎಂದೂ ಅದಲುಬದಲಾಗಲಿಲ್ಲ.

ಅಲಂಕಾರಕ್ಕೆ ಹುಣಸೆಬೀಜವನ್ನು ಬಳಸಿದೆವು. ಅದೂ ನಾನು ಪಕ್ಕದಲ್ಲಿ ಕುಳಿತಿರುವಾಗ ಮಾತ್ರ. ನೋಡಲು ಅಂದವಾದ ಗುಲಗಂಜಿ ವಿಷಕಾರಿಯಾದುದರಿಂದ ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

ಮಳೆಗಾಲದಲ್ಲಿ ಆಟ ಜಗಲಿಗೆ ಬಂತು. ಸೀಮೆಸುಣ್ಣದಿಂದ ಐದು ಅಕ್ಷರಗಳನ್ನು ದೊಡ್ಡದಾಗಿ ಬರೆದು, ನಾನು 'ಸರ' ಎಂದರೆ ಅವಳು 'ಸ'ದಿಂದ 'ರ'ಕ್ಕೆ ಹಾರಬೇಕು. ವಿಜಯದಶಮಿಯಂದು ಅಕ್ಕಿಯಲ್ಲಿ ಬೆರಳಾಡಿಸಿದ ನೆನಪು ಅವಳಿಗೆ ಇದ್ದುದರಿಂದ, ತಟ್ಟೆಯಲ್ಲಿ ಅಕ್ಕಿ ಹರಡಿ ಬರೆಸುವುದೂ ನಡೆಯಿತು. ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ನಾನಾಗಿ ಕೂರಿಸಲಿಲ್ಲ. ಬೆರಳುಗಳು ಹದವಾಗುವ ಮುನ್ನ ಪೆನ್ಸಿಲ್ ಹಿಡಿಸುವುದನ್ನು ನಾನು ಒಪ್ಪುವುದಿಲ್ಲ. ಐದು ತಿಂಗಳ ಬಳಿಕ ಅವಳೇ ಕೇಳಿದಾಗ ಕೊಟ್ಟೆ.

'ಇ' ಮತ್ತು 'ಎ' ಎರಡೂ ಗುರುತಾದ ಮೇಲೆ ಇಲಿಯನ್ನು ಮರಳಿ ತಂದೆ. ಎರಡು ಹಾಳೆಗಳಲ್ಲಿ ಒಂದೇ ಇಲಿಯ ಚಿತ್ರ ಬಿಡಿಸಿ, ಒಂದರಲ್ಲಿ 'ಇ', ಇನ್ನೊಂದರಲ್ಲಿ 'ಎ' ಬರೆದೆ. ಅವಳು ಮೊದಲನೆಯದನ್ನು ಶಾಲೆಯ ಚೀಲದೊಳಗೂ, ಎರಡನೆಯದನ್ನು ಅಜ್ಜಿಯ ಮಡಿಲಲ್ಲೂ ಇಟ್ಟು ಬಂದಳು. ಋ, ಐ, ಔ ಮತ್ತು ಮಹಾಪ್ರಾಣಗಳನ್ನು ನಾನು ಮುಟ್ಟದೆ ಶಾಲೆಗೆ ಬಿಟ್ಟಿದ್ದೇನೆ.