ಎಂಜಿನ್ನಿಗೆ ಬಣ್ಣ: ಮೊದಲು ಕಾವು, ಆಮೇಲೆ ಚಂದ

ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಹಿಂಗೋಡೆಗೆ ತಾಗಿ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ನಿಂತಿದೆ. ಮಾವ ಊರಿಗೆ ಮರಳುವಾಗ ನನ್ನ ಕೊರಳಿಗೆ ಕಟ್ಟಿ ಹೋದದ್ದು. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ಸುದ್ದಿ ಓದಿ ನನಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಡಬ್ಬಿ ಬೆಳ್ಳಿ ಸ್ಪ್ರೇ ತಂದು ಬಾನೆಟ್ಟಿನೊಳಗೆ ಕಂಡದ್ದಕ್ಕೆಲ್ಲ ಹೊಡೆದೆ. ಎಂಜಿನ್ನಿನ ಬಿಸಿ ಹೊಗೆಯನ್ನು ಸೈಲೆನ್ಸರಿನ ಕಡೆಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೂ ಬಿಡಲಿಲ್ಲ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷವಾಗಿರಲಿಲ್ಲ, ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಕಾವಲುಗಾರ ಮರಳಿನ ಬಕೆಟ್ ಹಿಡಿದು ಓಡಿ ಬಂದ. ಮರುದಿನ ನೋಡಿದರೆ ಬಣ್ಣ ಈರುಳ್ಳಿ ಸಿಪ್ಪೆಯಂತೆ ಸುಲಿದಿತ್ತು.

ಪದ್ಮಿನಿಯ ತವರು ಕುರ್ಲಾ. ಪ್ರೀಮಿಯರ್ ಕಾರ್ಖಾನೆ ಇದ್ದದ್ದು ಅಲ್ಲೇ. ಅದರ ನಾಡಿ ಬಲ್ಲ ಕುಂದಾಪುರದ ಮೆಕ್ಯಾನಿಕ್ ಒಬ್ಬರ ಗ್ಯಾರೇಜೂ ಅಲ್ಲೇ ಇದೆ. ಅವರು ಮ್ಯಾನಿಫೋಲ್ಡನ್ನು ಉಗುರಿನಿಂದ ಕೆರೆದು ನಕ್ಕರು: “ಬಣ್ಣ ಆಮೇಲೆ ಮಾರಾಯರೆ. ಈ ಭಾಗ ಎಷ್ಟು ಕಾಯುತ್ತದೆ ಎಂದು ಮೊದಲು ಕೇಳಿದಿರಾ?”

ಕೇಳಿರಲಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು), ಟ್ಯಾಪೆಟ್ ಕವರ್ (ಅದರ ನೆತ್ತಿಯ ಮುಚ್ಚಳ), ಆಯಿಲ್ ಚೇಂಬರ್ (ತಳದ ಎಣ್ಣೆ ತೊಟ್ಟಿ) ಇವುಗಳ ಹೊರಮೈ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಇವಕ್ಕೆ ಎಂಜಿನ್ ಎನಾಮೆಲ್ ಎಂದೇ ಸಿಗುವ, 250ರಿಂದ 300 ಡಿಗ್ರಿ ತಾಳುವ ಬಣ್ಣ ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಥೆಯೇ ಬೇರೆ. ಗಾಡಿ ಏದುಸಿರು ಬಿಡುತ್ತಾ ಘಾಟಿ ಹತ್ತುವಾಗ ಅದು 500 ಡಿಗ್ರಿಯನ್ನೂ ದಾಟಬಹುದು. ಅದಕ್ಕೆ 600ಕ್ಕೂ ಮೇಲಿನ ಕಾವಿಗೆಂದೇ ತಯಾರಾದ ಸಿಲಿಕೋನ್ ಆಧಾರದ ಬಣ್ಣ ಬೇಕು. ಅದರಲ್ಲಿ ಆಯ್ಕೆ ಕಡಿಮೆ. ಹೆಚ್ಚಾಗಿ ಕಪ್ಪು, ಬೂದು, ಬೆಳ್ಳಿ. ಸಾಮಾನ್ಯ ವರ್ಣದ್ರವ್ಯಗಳು ಆ ಕಾವಿಗೆ ಸುಟ್ಟುಹೋಗುತ್ತವೆ. ಡಬ್ಬಿಯ ಮೇಲೆ ಡಿಗ್ರಿ ನಮೂದಿಸಿರದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಮೂದಿಸಿದ್ದರೂ ಅದು ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ನೋಡಿ: 500 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಬರೀ 260 ಸೆಲ್ಸಿಯಸ್.

ಇನ್ನು ಬಣ್ಣ. ಕೆಂಪು ಟ್ಯಾಪೆಟ್ ಕವರಿನ ಮೋಹ ಹಳೆಯದು. 1957ರ ಫೆರಾರಿ ಟೆಸ್ಟಾ ರೋಸಾಗೆ ಆ ಹೆಸರು ಬಂದದ್ದೇ ಎಂಜಿನ್ನಿನ ಕೆಂಪು ಕವರುಗಳಿಂದ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಕೆಂಪು ತಲೆ. ನಿಮಗೂ ಕೆಂಪು ಬೇಕೆನಿಸಿದರೆ ಕವರಿಗೊಂದಕ್ಕೆ ಹೊಡೆಯಿರಿ, ತಕರಾರಿಲ್ಲ. ಕವರು, ಬ್ಲಾಕು, ಬ್ರಾಕೆಟ್ಟು ಎಲ್ಲವೂ ಕೆಂಪಾದರೆ ಎಂಜಿನ್ ದಸರಾ ಗೊಂಬೆಯಂತೆ ಕಾಣುತ್ತದೆ. ಬ್ಲಾಕಿಗೆ ನನ್ನ ಆಯ್ಕೆ ತಿಳಿ ಬೂದು. ಕಾರಣ ಚಂದವಲ್ಲ, ಎಣ್ಣೆ. ಕಪ್ಪು ಬಣ್ಣ ಎಲ್ಲ ಸೋರಿಕೆಯನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ಬೂದು ಹೊಡೆದ ಎರಡನೆಯ ವಾರವೇ ನನ್ನ ಗಾಡಿಯಲ್ಲಿ ಕವರಿನ ಹಿಂಮೂಲೆಯಿಂದ ಬ್ಲಾಕಿನ ಮೇಲೆ ದಾರದಷ್ಟು ತೆಳುವಾದ ಕಂದು ಗೆರೆ ಇಳಿದಿತ್ತು. ಕವರಿನ ಸಂದು ಮುಚ್ಚುವ ಪ್ಯಾಕಿಂಗ್ ಬದಲಿಸಿದೆ, ನಿಂತಿತು. ಅದಕ್ಕೂ ಮುಂಚೆ ಎಷ್ಟು ವರ್ಷದಿಂದ ಸೋರುತ್ತಿತ್ತೋ, ಮಾವನಿಗೂ ಗೊತ್ತಿಲ್ಲ.

ಕಪ್ಪು ಹೊಡೆದರೆ ಎಂಜಿನ್ ಬೇಗ ತಣಿಯುತ್ತದೆ ಎನ್ನುವವರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಅದರಲ್ಲಿ ಹುರುಳಿಲ್ಲ. ಎಂಜಿನ್ನಿನ ಕಾವಿನಲ್ಲಿ ಮೈಯಿಂದ ಸೂಸುವ ಶಾಖ ಹೊರಬೀಳುವುದು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ. ಆ ಕಿರಣಗಳ ಮಟ್ಟಿಗೆ ಕಪ್ಪು, ಬಿಳಿ, ಕೆಂಪು ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಂದೇ. ಅಲ್ಯೂಮಿನಿಯಂ ಪುಡಿ ಬೆರೆತ ಬೆಳ್ಳಿ ಮಾತ್ರ ಶಾಖ ಬಿಡುವುದರಲ್ಲಿ ತುಸು ಜಿಪುಣ. ಅಷ್ಟಕ್ಕೂ ಎಂಜಿನ್ನಿನ ಬಹುಪಾಲು ಶಾಖವನ್ನು ಹೊತ್ತೊಯ್ಯುವುದು ರೇಡಿಯೇಟರಿನ ನೀರು ಮತ್ತು ಸೈಲೆನ್ಸರಿನ ಹೊಗೆ.

ಸ್ಪ್ರೇ ಡಬ್ಬಿಯ ಮುಚ್ಚಳದ ಬಣ್ಣ ನಂಬಬೇಡಿ. ಹಳೆಯ ಬಿಸ್ಕತ್ತು ಡಬ್ಬದ ಮುಚ್ಚಳಕ್ಕೆ ಹೊಡೆದು, ಒಣಗಿಸಿ, ಬಾನೆಟ್ಟಿನ ಕೆಳಗೆ ಇಟ್ಟು ನೋಡಿ. ಅಲ್ಲಿನ ಮಬ್ಬಿನಲ್ಲಿ ಬಣ್ಣ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ: ಅಂಗಡಿಯಲ್ಲಿ ಕಂಡ ಬೂದು ಇಲ್ಲಿ ಸೀಸದ ಬಣ್ಣ.

ಮೈಹೊಳಪಿನ ಆಯ್ಕೆ ಎಂದರೆ ನೀವೆಷ್ಟು ಒರೆಸುತ್ತೀರಿ ಎಂಬ ಪ್ರಶ್ನೆ. ಹೊಳೆಯುವ ಗ್ಲಾಸಿ ಫಿನಿಶ್ ಒಂದೇ ಒರೆಸಿಗೆ ಶುಭ್ರ, ಆದರೆ ಎರಕದ ಗುಂಡಿಗಳನ್ನೂ ಪಾಲಿಷ್ ಪೇಪರಿನ ಗೀರುಗಳನ್ನೂ ಎತ್ತಿ ತೋರಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಕಲೆಯನ್ನು ಹಿಡಿದರೆ ಬಿಡುವುದಿಲ್ಲ. ನಡುವಿನ ಸ್ಯಾಟಿನ್ ಮನೆಯಲ್ಲಿ ಮಾಡುವವರಿಗೆ ಒಳ್ಳೆಯದು. ಸುಕ್ಕುಸುಕ್ಕಾಗಿ ಒಣಗುವ ರಿಂಕಲ್ ಬಣ್ಣ ಟ್ಯಾಪೆಟ್ ಕವರಿಗೆ ಬಹಳ ಒಪ್ಪುತ್ತದೆ, ಗುಂಡಿಗಳನ್ನು ನುಂಗುತ್ತದೆ. ಆದರೆ ಅದನ್ನು ತೆಳುವಾಗಿ ಹೊಡೆದರೆ ಸುಕ್ಕೇ ಏಳುವುದಿಲ್ಲ. ಐದೈದು ನಿಮಿಷದ ಅಂತರದಲ್ಲಿ ಒಮ್ಮೆ ಅಡ್ಡ, ಒಮ್ಮೆ ಉದ್ದ, ಒಮ್ಮೆ ಓರೆಯಾಗಿ ಮೂರು ದಪ್ಪ ಲೇಪ ಕೊಡಬೇಕು. ಬಿಸಿಲಿನ ಅಥವಾ ಹೀಟ್ ಗನ್ನಿನ ಹದವಾದ ಕಾವು ತಾಗಬೇಕು. ಸುಕ್ಕಿನ ಸಂದಿಯಲ್ಲಿ ಕೂತ ಧೂಳು ತೆಗೆಯಲು ಹಲ್ಲುಜ್ಜುವ ಬ್ರಷ್ಷೇ ಗತಿ.

ಕೆಲಸಕ್ಕೆ ಇಳಿಯುವ ಮುನ್ನ ಪಂಚಾಂಗ ನೋಡಿ. ಮುಂಬೈಯ ಮಳೆಗಾಲದಲ್ಲಿ, ಅದರಲ್ಲೂ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ, ಗಾಳಿಯ ತೇವ ಒಳಸೇರಿ ಮೈ ಬೆಳ್ಳಗೆ ಮಂಕಾಗುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ಬ್ಯಾಟರಿಯ ವಯರ್ ಕಳಚಿ, ಬಿಚ್ಚಬಹುದಾದ ಭಾಗಗಳನ್ನು ಬಿಚ್ಚಿಕೊಳ್ಳಿ. ಎಣ್ಣೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೆಗೆಯಿರಿ. ಬಹಳ ಜನ ಇಲ್ಲಿಗೇ ನಿಲ್ಲಿಸಿ ಕೆಡುತ್ತಾರೆ, ಏಕೆಂದರೆ ಸೀಮೆಎಣ್ಣೆಯೂ ಒಂದು ಪದರ ಬಿಟ್ಟುಹೋಗುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ತೊಳೆದು ಒಣಗಿಸಿ, ಕೊನೆಗೆ ಥಿನ್ನರಿನಲ್ಲಿ ಒರೆಸಿ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಬೇಕು. ತುಕ್ಕಿಗೆ ವೈರ್ ಬ್ರಷ್, ಆಮೇಲೆ 180 ಮತ್ತು 320 ನಂಬರಿನ ಪೇಪರ್. ಅಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಕಬ್ಬಿಣ, ತುಕ್ಕುನಿರೋಧಕ ಪ್ರೈಮರ್ ಸಾಕು. ಅಂಟದಿದ್ದರೆ ಬಹುಶಃ ಅಲ್ಯೂಮಿನಿಯಂ. ಅದಕ್ಕೆ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಇಲ್ಲದೆ ಬಣ್ಣ ಕಚ್ಚುವುದಿಲ್ಲ. ಯಾವ ಪ್ರೈಮರಾದರೂ ಮೇಲಿನ ಬಣ್ಣದಷ್ಟೇ ಕಾವು ತಾಳಬೇಕು. ಎಕ್ಸಾಸ್ಟ್ ಬಣ್ಣ ಹಲವು ಬಾರಿ ಬರಿಯ ಲೋಹಕ್ಕೇ ನೇರವಾಗಿ ಹೊಡೆಯುವಂಥದ್ದು. ಡಬ್ಬಿ ಹೇಳಿದಂತೆ ಕೇಳಿ.

ಪ್ಯಾಕಿಂಗ್ ಕೂರುವ ಮೈ, ಬೋಲ್ಟಿನ ತೂತು, ಸೆನ್ಸರ್, ಅರ್ಥ್ ವಯರ್ ಕೂರುವ ಜಾಗ, ಪುಲ್ಲಿಯ ಬೆಲ್ಟ್ ಹಳ್ಳ ಇವನ್ನೆಲ್ಲ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಎಂಜಿನ್ ನಂಬರನ್ನಂತೂ ಖಂಡಿತ ಮುಚ್ಚಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವಾಗ ಆರ್‌ಟಿಒದವರು ಆ ಅಂಕಿಗಳನ್ನು ಹುಡುಕಿದರೆ, ನಿಮ್ಮ ದಪ್ಪ ಬೂದು ಲೇಪವನ್ನು ನೀವೇ ಕೆರೆಯಬೇಕಾದೀತು.

ಸ್ಪ್ರೇಯನ್ನು 20–25 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಮೊದಲನೆಯದು ಮಂಜಿನಂತೆ ತೆಳು, ಹತ್ತು ನಿಮಿಷ ಬಿಟ್ಟು ಇನ್ನೆರಡು. ಫ್ಲಾಟಿನ ಬಾಲ್ಕನಿಯಲ್ಲಿ ಹೊಡೆಯುವುದಾದರೆ ಅಡುಗೆಮನೆಯ ಗ್ಯಾಸ್ ಆರಿಸಿ. ಮುಖಕ್ಕೆ ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ಜಿನದು ಬೇಕು.

ಕೊನೆಯದು ಕಾಯಿಸುವುದು. ಈ ಬಣ್ಣಗಳು ಗಟ್ಟಿಯಾಗುವುದು ಒಣಗಿದಾಗಲ್ಲ, ಬೆಂದಾಗ. ಎಂಜಿನ್ ಎನಾಮೆಲ್ ಸಾಮಾನ್ಯವಾಗಿ 90 ಡಿಗ್ರಿಯ ಕಾವಿನಲ್ಲಿ ಒಂದು ಗಂಟೆ ಬೇಯಬೇಕು. ದಯವಿಟ್ಟು ಅಡುಗೆಯ ಓವನ್ ಮುಟ್ಟಬೇಡಿ. ಭಾಗಗಳನ್ನು ಜೋಡಿಸಿ ಎಂಜಿನ್ನಿನ ಕಾವಿನಲ್ಲೇ ಬೇಯಿಸಿ. ಮ್ಯಾನಿಫೋಲ್ಡಿಗೆ ಒಂದೇ ಸಲ ಕಾವು ಕೊಡಬಾರದು: ಹತ್ತು ನಿಮಿಷ ನಿಂತಲ್ಲೇ ಓಡಿಸಿ ಪೂರ್ತಿ ತಣಿಸಿ, ಆಮೇಲೆ ಇಪ್ಪತ್ತು ನಿಮಿಷ ಓಡಿಸಿ ಮತ್ತೆ ತಣಿಸಿ, ಮೂರನೆಯ ಸಲ ರಸ್ತೆಗೆ. ಸರಿಯಾದ ಬಣ್ಣವೂ ಮೊದಲ ಸಲ ಸ್ವಲ್ಪ ಹೊಗೆಯಾಡುತ್ತದೆ, ಆದ್ದರಿಂದ ಗಾಡಿ ಬಯಲಿನಲ್ಲಿರಲಿ. ಕಾವಲುಗಾರನಿಗೆ ಮೊದಲೇ ಹೇಳಿಡಿ.